ಸಮತಟ್ಟಾದ ಗೆರೆ

ಮೂವತ್ತು ದಿನಗಳ ಅಳತೆ ಮುಗಿದ ಬೆಳಿಗ್ಗೆ ಅವಳ ಮೇಜಿನ ಮೇಲಿದ್ದ ಕಾಗದದಲ್ಲಿ ಒಂದು ಗೆರೆ ಮೂಡಿತ್ತು. ಬಸ್ ಡಿಪೋದ ಹಿಂದಿನ ನಾಲ್ಕು ಬೀದಿಗಳಿಗೆ ಕರೆಂಟು ಹಂಚುವ ಟ್ರಾನ್ಸ್‌ಫಾರ್ಮರು ದಿನದ ಯಾವ ಗಳಿಗೆಯಲ್ಲಿ ಎಷ್ಟು ಹೊರೆ ಹೊರುತ್ತದೆ ಎಂಬುದನ್ನು ತೋರಿಸುವ ಗೆರೆ ಅದು. ಕಾಲೇಜಿನ ಪುಸ್ತಕಗಳಲ್ಲಿ ಇಂಥ ಗೆರೆಗೆ ಎರಡು ಗೂನುಗಳಿರುತ್ತವೆ: ಬೆಳಿಗ್ಗೆ ಜನ ಏಳುವಾಗ ಒಂದು, ಸಂಜೆ ದೀಪ ಹಾಕುವಾಗ ಇನ್ನೊಂದು. ಇದಕ್ಕೆ ಗೂನೇ ಇರಲಿಲ್ಲ. ನೂರ ಎಪ್ಪತ್ತು ಆಂಪಿಯರಿಗಿಂತ ಕೆಳಗಿಳಿಯದೆ, ನೂರ ತೊಂಬತ್ತನ್ನು ದಾಟದೆ, ತೊಟ್ಟಿಯಲ್ಲಿ ನಿಂತ ನೀರಿನಂತೆ ಅದು ಹಗಲೂ ರಾತ್ರಿಯೂ ಒಂದೇ ಮಟ್ಟದಲ್ಲಿ ಸಾಗಿತ್ತು.

ಅವಳಿಗೆ ಹೆಮ್ಮೆಯಾಯಿತು. ಪಕ್ಕದ ಖಾಲಿ ಜಾಗದಲ್ಲಿ ‘ಶಿಸ್ತಿನ ಬೀದಿಗಳು’ ಎಂದು ಸೀಸದ ಕಡ್ಡಿಯಲ್ಲಿ ಬರೆದಳು. ಉಳಿದದ್ದು ಬರಿಯ ಕಳೆಯುವ ಲೆಕ್ಕ. ಟ್ರಾನ್ಸ್‌ಫಾರ್ಮರು ಹೊರಬಲ್ಲದ್ದು ಮುನ್ನೂರ ಮೂವತ್ತಮೂರು ಆಂಪಿಯರ್. ಬೀದಿಗಳು ಬಳಸುತ್ತಿರುವುದು ಹೆಚ್ಚೆಂದರೆ ನೂರ ತೊಂಬತ್ತು. ಡಿಪೋಗೆ ಬರಲಿರುವ ಎಂಟು ಎಲೆಕ್ಟ್ರಿಕ್ ಬಸ್ಸುಗಳು ಒಟ್ಟಿಗೆ ಚಾರ್ಜಿಗೆ ನಿಂತರೆ ಬೇಕಾಗುವುದು ನೂರ ಮೂವತ್ತಮೂರು. ಎಲ್ಲ ಕಳೆದು ಹತ್ತು ಆಂಪಿಯರ್ ಉಳಿಯುತ್ತಿತ್ತು. ‘ಹೆಚ್ಚುವರಿ ಹೊರೆಗೆ ಅವಕಾಶವಿದೆ’ ಎಂದು ಬರೆದು, ಸಹಿ ಮಾಡಿ, ದೊಡ್ಡ ಸಾಹೇಬರ ಕೋಣೆಗೆ ಕಳಿಸಿದಳು.

ವಿದ್ಯುತ್ ಕಚೇರಿಯಲ್ಲಿ ಅವಳಿಗೆ ‘ದಶಾಂಶಮ್ಮ’ ಎಂಬ ಹೆಸರು ಬಿದ್ದಿತ್ತು. ಎಲ್ಲರೂ ‘ಸುಮಾರು ನೂರ ಎಂಬತ್ತು’ ಎಂದು ಬರೆಯುವಲ್ಲಿ ಅವಳು 181.6 ಎಂದು ಬರೆಯುತ್ತಿದ್ದಳು. ಕೆಲಸಕ್ಕೆ ಸೇರಿ ಹನ್ನೊಂದು ತಿಂಗಳಾಗಿತ್ತು. ಇನ್ನೊಂದು ತಿಂಗಳು ಕಳೆದರೆ ನೌಕರಿ ಕಾಯಂ. ಆದರೆ ಆ ಸಹಿ ಮಾಡುವಾಗ ಅವಳ ಮನಸ್ಸಿನಲ್ಲಿದ್ದದ್ದು ನೌಕರಿಯಲ್ಲ; ಅಪ್ಪ.

ಅಪ್ಪ ಆ ಡಿಪೋದಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವರು. ಕಿಟಕಿಯಿಲ್ಲದ ಶೆಡ್ಡಿನಲ್ಲಿ, ಓಡುತ್ತಿರುವ ಡೀಸೆಲ್ ಎಂಜಿನ್ನಿಗೆ ಕಿವಿ ಕೊಟ್ಟು ರೋಗ ಹೇಳುತ್ತಿದ್ದರು. ಕಿವಿ ಈಗಲೂ ಚುರುಕಾಗಿತ್ತು. ಶ್ವಾಸಕೋಶ ಮಾತ್ರ ಮಸಿ ಹಿಡಿದ ಚಿಮಣಿಯಾಗಿತ್ತು. ಮೂರು ವರ್ಷದಿಂದ ಅವರ ಮಂಚದ ಪಕ್ಕದಲ್ಲಿ ಆಮ್ಲಜನಕದ ಯಂತ್ರವೊಂದು ಗೊರಗುಟ್ಟುತ್ತಿತ್ತು. ಅದು ಕರೆಂಟಿನಿಂದ ನಡೆಯುವ ಯಂತ್ರ. ಮನೆ ಇದ್ದದ್ದು ಡಿಪೋದ ಗೋಡೆಗೆ ಅಂಟಿಕೊಂಡು. ದಿನವೂ ಬೆಳಿಗ್ಗೆ ಐದಕ್ಕೆ ಎಂಟು ಬಸ್ಸುಗಳು ಎಂಜಿನ್ ಬಿಸಿ ಮಾಡಿಕೊಳ್ಳುತ್ತ ನಿಂತಾಗ ಹೊಗೆ ಗೋಡೆ ಹತ್ತಿ ಬರುತ್ತಿತ್ತು. ಅವಳು ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕುತ್ತಿದ್ದಳು. ಅಪ್ಪ ಕಣ್ಣು ಮುಚ್ಚಿಕೊಂಡೇ ಬೆರಳು ಮಡಚಿ ಎಣಿಸುತ್ತಿದ್ದರು. “ಏಳು... ಎಂಟು. ಹೊರಟವು. ಆ ನಾಲ್ಕನೇದಕ್ಕೆ ಕೆಮ್ಮು ಬಂದಿದೆ, ನನ್ನ ಹಾಗೇ. ಹೇಳಮ್ಮ ಅವರಿಗೆ, ಡೀಸೆಲ್ ಚಿಮ್ಮೋ ನಾಜಲ್ ನೋಡಲಿ.”

“ಇನ್ನೆರಡು ತಿಂಗಳು ತಡ್ಕೊಳ್ಳಪ್ಪ. ಆಮೇಲೆ ಕೆಮ್ಮೋ ಬಸ್ಸೇ ಇರಲ್ಲ.”

“ಇರಲ್ಲ ಅಂದ್ರೆ ನಾನು ಏನನ್ನ ಕೇಳಿಸ್ಕೊಳ್ಲಿ?” ಎಂದು ಅವರು ನಗಲು ಹೋಗಿ ಕೆಮ್ಮಿದರು.

ವರದಿ ಹೋದ ಐದನೆಯ ದಿನ ಆ ಬೀದಿಗಳ ಕಂಬ ನೋಡಿಕೊಳ್ಳುತ್ತಿದ್ದ ಲೈನ್‌ಮನ್ ನಿವೃತ್ತರಾದರು. ಅವರನ್ನು ಊರೆಲ್ಲ ‘ಕಂಬದಣ್ಣ’ ಎಂದೇ ಕರೆಯುತ್ತಿತ್ತು. ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತಿತ್ತು. ಮಧ್ಯಾಹ್ನ ಹಾರ ಹಾಕಿಸಿಕೊಂಡು, ಎರಡು ಮಾತಾಡಿ, ಮೂರು ಗಂಟೆಗೆ ಅವರು ಸೈಕಲ್ ಹಿಡಿದು ಅವಳ ಮೇಜಿನ ಬಳಿಯ ಕಿಟಕಿಯಲ್ಲಿ ಬಂದು ನಿಂತರು.

“ದಶಾಂಶಮ್ಮ, ಬನ್ನಿ. ಒಂದು ಸುತ್ತು ಹಾಕಿ ಬರೋಣ. ಸಾಮಾನೆಲ್ಲ ಸ್ಟೋರಿಗೆ ಕೊಟ್ಟೆ. ಇದೊಂದನ್ನ ಯಾರಿಗೆ ಕೊಡ್ಲಿ ಅಂತ ತಿಳೀಲಿಲ್ಲ.”

“ಏನದು, ಕಂಬದಣ್ಣ?”

“ಬನ್ನಿ ಅಂದೆನಲ್ಲ.”

ಸೈಕಲ್ ತಳ್ಳಿಕೊಂಡು ಅವರು ಮುಂದೆ, ಅವಳು ಹಿಂದೆ. ಮೊದಲು ನಿಂತದ್ದು ವೆಲ್ಡಿಂಗ್ ಅಂಗಡಿಯ ಮುಂದೆ. ಕಪ್ಪು ಗಾಜಿನ ಮುಖವಾಡವನ್ನು ನೆತ್ತಿಗೇರಿಸಿ ಕುಳಿತಿದ್ದವನನ್ನು ತೋರಿಸಿ, “ಇವನು ಕಿಡಿಮಾವ. ಬೆಳಿಗ್ಗೆ ಹತ್ತರಿಂದ ಮೂರರ ತನಕ ಇವನ ಸರದಿ,” ಎಂದರು.

“ಸರದಿ ಅಂದ್ರೆ?”

“ಅಂದ್ರೆ ಅಷ್ಟೊತ್ತು ಮಾತ್ರ ವೆಲ್ಡಿಂಗು. ಆಮೇಲೆ ಅಳತೆ, ಕತ್ತರಿಸೋದು, ಬಣ್ಣ, ಹರಟೆ.”

“ಹರಟೆಗೊಂದು ಸರದಿ ಹಾಕಿಲ್ಲ ಪುಣ್ಯಾತ್ಮ,” ಎಂದ ಕಿಡಿಮಾವ. “ಮೂರಾದ ಮೇಲೆ ಕೈ ಕಟ್ಟಿ ಕೂತ್ಕೋತೀನಿ. ಯಾಕಂದ್ರೆ ಮೂರಕ್ಕೆ ಇಸ್ತ್ರಿ ಅಂಗಡಿಯೋರು ಶುರು ಮಾಡ್ತಾರೆ. ಆರಕ್ಕೆ ಅವರು ನಿಲ್ಲಿಸಿದ್ರೆ ಮನೆಗಳ ದೀಪ, ಫ್ಯಾನು. ಹತ್ತಕ್ಕೆ ಮನೆಗಳು ಮಲಗಿದ್ರೆ ನೀರಿನ ಪಂಪು, ಐಸ್ ಫ್ಯಾಕ್ಟರಿ. ಬೆಳಿಗ್ಗೆ ಐದಕ್ಕೆ ಗಿರಣಿಯಕ್ಕ. ಗೊತ್ತಿಲ್ವಾ ನಿಮಗೆ? ನಿಮ್ಮ ಕಚೇರಿದೇ ಏರ್ಪಾಡಲ್ವಾ?”

ಕಚೇರಿಯ ಯಾವ ಕಾಗದದಲ್ಲೂ ಇಂಥ ಏರ್ಪಾಡು ಇರಲಿಲ್ಲ. ಅವಳು ಕಂಬದಣ್ಣನ ಮುಖ ನೋಡಿದಳು. ಅವರು ಸೈಕಲ್ಲಿನ ಗಂಟೆಯ ಮೇಲಿದ್ದ ದೂಳನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದರು.

“ಇಪ್ಪತ್ತು ವರ್ಷದ ಹಿಂದೆ ಈ ಟ್ರಾನ್ಸ್‌ಫಾರ್ಮರು ಮೂರು ಸಲ ಸುಟ್ಟಿತು, ಅಮ್ಮ. ಸಲಕ್ಕೆ ಹದಿನೈದು ದಿನ ಕತ್ತಲೆ. ದೊಡ್ಡದು ಕೊಡಿ ಅಂತ ಬರೆದೆ, ಬರೆದೆ, ಬೆರಳು ಸವೀತು. ಕೊನೆಗೆ ಸೈಕಲ್ ಹತ್ತಿ ಮನೆಮನೆಗೆ ಹೋದೆ. ಹಾಸಿಗೆ ಇರೋದು ಇಷ್ಟೇ, ಎಲ್ಲರೂ ಒಟ್ಟಿಗೆ ಕಾಲು ಚಾಚಬೇಡಿ, ಒಬ್ಬೊಬ್ಬರೇ ಚಾಚಿ ಅಂದೆ. ಕೇಳಿದ್ರು. ಅವತ್ತಿನಿಂದ ವಾರಕ್ಕೊಂದು ಸುತ್ತು. ಯಾರಾದ್ರೂ ಸರದಿ ತಪ್ಪಿದ್ರೆ ಗಂಟೆ ಹೊಡೀತೀನಿ, ಅಷ್ಟೇ.”

ಮಟ್ಟಸವಾದ ಗೆರೆ ಅವಳ ಕಣ್ಣ ಮುಂದೆ ಬಂತು. ಪ್ರಕೃತಿಯಲ್ಲಿ ತನ್ನಷ್ಟಕ್ಕೆ ತಾನೇ ಸಮತಟ್ಟಾಗುವುದು ನಿಂತ ನೀರೊಂದೇ. ಉಳಿದದ್ದನ್ನೆಲ್ಲ ಯಾರೋ ತಟ್ಟಿ ಸಮ ಮಾಡಿರುತ್ತಾರೆ. ಇಷ್ಟು ಸರಳವಾದ ಮಾತು ವಿಜ್ಞಾನ ಓದಿದ ತನಗೆ ಹೊಳೆಯಲಿಲ್ಲವಲ್ಲ ಎಂದು ಅವಳ ಕಿವಿ ಬಿಸಿಯಾಯಿತು.

“ಮೂವತ್ತು ದಿನ ಅಳೆದೆ. ಒಂದು ಮಾತು ಹೇಳಬಾರದಿತ್ತಾ?”

“ನೀವು ಕೇಳ್ಲಿಲ್ಲ, ಅಳೀತಾ ಇದ್ರಿ. ಮತ್ತೆ...” ಕಂಬದಣ್ಣ ಸೈಕಲ್ ಮುಂದಕ್ಕೆ ತಳ್ಳಿದರು. “ನಿಮ್ಮ ಮನೇದೇ ವಿಷಯ, ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ.”

ಅದೇನೆಂದು ತಿಳಿದದ್ದು ಗಿರಣಿಯಲ್ಲಿ. ಹಿಟ್ಟಿನ ದೂಳು ಗಿರಣಿಯಕ್ಕನ ರೆಪ್ಪೆಗಳ ಮೇಲೂ ಕೂತಿತ್ತು. ಐವತ್ತು ದಾಟಿದ ಹೆಂಗಸು. ಒಂಟಿಯಾಗಿ ಗಿರಣಿ ನಡೆಸುತ್ತಿದ್ದಳು. ದಶಾಂಶಮ್ಮನನ್ನು ನೋಡಿದ್ದೇ, “ಅಪ್ಪ ಹೇಗಿದ್ದಾರಮ್ಮ? ಮಿಷನ್ನು ನಿಲ್ಲದೆ ನಡೀತಿದೆಯಾ?” ಎಂದಳು.

“ನಡೀತಿದೆ ಅಕ್ಕ.”

“ನಡೀಲೇಬೇಕು. ಅದಕ್ಕೇ ಅಲ್ವಾ ನಾನು ಕೋಳಿಗಿಂತ ಮುಂಚೆ ಏಳೋದು. ಮೊದಲು ನನ್ನ ಸರದಿ ಸಂಜೆ ಇತ್ತು. ನಿಮ್ಮಪ್ಪಂಗೆ ಆ ಮಿಷನ್ನು ಬಂದಾಗ ಈ ಕಂಬದಣ್ಣ ಬಂದು, ಸಂಜೆ ಹೊತ್ತು ನಿನ್ನ ಮೋಟಾರು ಹೊರಟ ಕೂಡಲೇ ಕರೆಂಟು ಕುಗ್ಗುತ್ತೆ, ಅವರ ಮಿಷನ್ನು ನಿಂತುಹೋಗುತ್ತೆ ಅಂದ್ರು. ಆಯ್ತು, ಬೆಳಿಗ್ಗೆಗೆ ಹಾಕು ಅಂದೆ. ಮಂಡಿನೋವು ಬಂತು, ಚಳಿ ಬಂತು. ಉಸಿರಿಗಿಂತ ಹೆಚ್ಚಾ ಹಿಟ್ಟು?” ಹಿಟ್ಟಿನ ಕೈ ಕೊಡವಿ ಕೇಳಿದಳು, “ಬಸ್ ಬರುತ್ತಂತಲ್ಲ, ಕರೆಂಟಿಂದು? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಅದಕ್ಕೆ ಯಾವ ಸರದಿ ಕೊಡ್ತೀರಿ?”

ವರದಿಯಲ್ಲಿ ತಾನು ‘ಅವಕಾಶ’ ಎಂದು ಬರೆದದ್ದು ಏನನ್ನು ಎಂದು ಅವಳಿಗೆ ಈಗ ಗೊತ್ತಾಯಿತು. ಗಿರಣಿಯಕ್ಕನ ಮಂಡಿನೋವು ಅದರಲ್ಲಿತ್ತು. ಕಿಡಿಮಾವ ಕೈಕಟ್ಟಿ ಕೂತ ಸಂಜೆಗಳು ಅದರಲ್ಲಿದ್ದವು. ನಾಲ್ಕು ಬೀದಿ ಸೇರಿ ತನ್ನ ಅಪ್ಪನ ಉಸಿರಿಗೆಂದು ಬಿಟ್ಟುಕೊಟ್ಟ ಜಾಗವನ್ನು ಅವಳು ಖಾಲಿ ಜಾಗವೆಂದು ಅಳೆದು ಬಸ್ಸುಗಳಿಗೆ ಬರೆದುಕೊಟ್ಟಿದ್ದಳು.

ಕಂಬದಣ್ಣ ಬೀದಿಯ ಕೊನೆಯಲ್ಲಿ ಸೈಕಲ್ಲನ್ನು ಅವಳ ಕೈಗೆ ಕೊಟ್ಟರು. “ಇದನ್ನೇ ಕೊಡಬೇಕಾಗಿದ್ದದ್ದು. ಬ್ರೇಕು ಸ್ವಲ್ಪ ಸಡಿಲ. ಗಂಟೆ ಮಾತ್ರ ಗಟ್ಟಿ.”

ಮರುದಿನ ಕಚೇರಿಯ ಬಾಗಿಲು ತೆರೆದ ಕೂಡಲೇ ಅವಳು ದೊಡ್ಡ ಸಾಹೇಬರ ಮುಂದೆ ನಿಂತಳು. ಅವರು ಕೆಟ್ಟ ಮನುಷ್ಯರಲ್ಲ. ನಲವತ್ತು ವರ್ಷದಲ್ಲಿ ಸಾವಿರ ಕಡತ ಕಂಡು ಮಾತಿಗಿಂತ ಅಂಕಿಯನ್ನು ನಂಬಲು ಕಲಿತವರು. ಪೂರ್ತಿ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಸರದಿ ಇದೆ ಅಂದೆ. ಇರಲಿ. ಇಪ್ಪತ್ತು ವರ್ಷ ನಡೆದದ್ದು ಇನ್ನೂ ನಡೀಲಿ. ಬಸ್ಸಿಗೂ ಜಾಗ ಆಗುತ್ತೆ, ನಿನ್ನ ಲೆಕ್ಕ ತಪ್ಪಲ್ಲ.”

“ನಡೆಸ್ತಿದ್ದೋರು ನಿನ್ನೆ ರಿಟೈರ್ ಆದ್ರು, ಸರ್. ಬಸ್ ಬಂದ ಮೇಲೆ ಒಬ್ಬರೂ ಒಂದು ದಿನವೂ ಸರದಿ ತಪ್ಪೋ ಹಾಗಿಲ್ಲ. ಉಳಿಯೋದು ಹತ್ತೇ ಆಂಪಿಯರ್.”

“ನೋಡು. ಲೈನು ಬಲವಾಗೋವರೆಗೂ ಬಸ್ ಬೇಡ ಅಂದ್ರೆ, ಬಸ್ಸೇ ಇಲ್ಲದ ಊರಿಗೆ ಬಲವಾದ ಲೈನು ಯಾಕೆ ಅಂತಾರೆ ಮೇಲಿನೋರು. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ. ಯಾವುದಾದರೂ ಒಂದನ್ನ ಮೊದಲು ಮಾಡ್ಬೇಕಲ್ಲಮ್ಮ? ಬಸ್ ಬರಲಿ, ಟ್ರಾನ್ಸ್‌ಫಾರ್ಮರು ಸುಡಲಿ, ಆಗ ತಾನಾಗೇ ದೊಡ್ಡದು ಬರುತ್ತೆ. ನಮ್ಮಂಥ ದೇಶದಲ್ಲಿ ಎಲ್ಲ ಬಂದಿರೋದು ಹಾಗೇ.”

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಅವಳನ್ನು ಅಲುಗಿಸಿತು. ಎರಡನೆಯ ಟ್ರಾನ್ಸ್‌ಫಾರ್ಮರು ಬರುವ ತನಕ ಬಸ್ಸುಗಳನ್ನು ತಡೆದರೆ ಅಪ್ಪ ಇನ್ನೆಷ್ಟು ಬೆಳಿಗ್ಗೆ ಆ ಹೊಗೆ ಕುಡಿಯಬೇಕೋ. ತಡೆಯದಿದ್ದರೆ, ಸುಟ್ಟ ದಿನದಿಂದ ಹದಿನೈದು ದಿನ ಆ ಯಂತ್ರ ನಡೆಯುವುದಿಲ್ಲ. ಮನೆಯಲ್ಲಿದ್ದ ಆಮ್ಲಜನಕದ ಸಿಲಿಂಡರು ಸಾಲುವುದು ಆರು ಗಂಟೆಗಳ ಕಾಲ ಮಾತ್ರ.

“ಸುಟ್ಟ ಮೇಲೆ ಬರುತ್ತೆ ಸರ್. ಸುಡೋದಕ್ಕೂ ಬರೋದಕ್ಕೂ ನಡುವೆ ಇರೋರು ಏನು ಮಾಡ್ಬೇಕು?”

ಸಾಹೇಬರು ಕನ್ನಡಕ ಹಾಕಿಕೊಂಡರು. “ಕತೆ ಬೇಡ, ಅಂಕಿ ತಗೊಂಡು ಬಾ. ಸರದಿ ಇಲ್ಲದೆ ಆ ಬೀದಿಗಳು ಎಷ್ಟು ಎಳೀತವೆ? ಒಂದು ಸಂಜೆ ಅಳೆದು ತೋರಿಸು. ನಿನ್ನ ಕಾಯಂ ಆಗೋ ಕಾಗದ ಈ ಮೇಜಿನ ಮೇಲೇ ಇದೆ. ಸಹಿ ಮಾಡಿದ ವರದಿನ ಹಿಂದಕ್ಕೆ ತಗೊಳ್ಳೋದು ಅಂದ್ರೆ ಏನು ಅಂತ ಗೊತ್ತಲ್ಲ?”

“ಗೊತ್ತು ಸರ್.”

ಅವಳು ಸೈಕಲ್ ಹತ್ತಿ ಮನೆಮನೆಗೆ ಹೋದಳು. ‘ನಾಳೆ ಸಂಜೆ ಏಳಕ್ಕೆ ಎಲ್ಲರೂ ಏನು ಬೇಕೋ ಅದನ್ನ ಹಾಕಿ, ಸರದಿ ನೋಡಬೇಡಿ’ ಎಂದರೆ ಯಾರೂ ನಂಬಲಿಲ್ಲ. “ಪರೀಕ್ಷೆನಾ, ದಂಡ ಹಾಕೋದಕ್ಕಾ?” ಎಂದ ಐಸ್ ಫ್ಯಾಕ್ಟರಿಯವನು. “ಸಂಜೆ ಹೊತ್ತು ಗಿರಣಿ ಹಾಕಿ ಮೂರು ವರ್ಷ ಆಯ್ತು, ಮೋಟಾರಿಗೇ ಹೆದರಿಕೆ ಆದೀತು,” ಎಂದಳು ಗಿರಣಿಯಕ್ಕ. ಅಪ್ಪನಿಗೆ ಅವಳು ಎಲ್ಲವನ್ನೂ ಹೇಳಿದಳು.

“ಗಿರಣಿ ಸದ್ದು ಸಂಜೆಯಿಂದ ಬೆಳಿಗ್ಗೆಗೆ ಬಂದದ್ದು ಕೇಳಿಸ್ತಿತ್ತು,” ಎಂದರು ಅವರು. “ವ್ಯಾಪಾರ ಜಾಸ್ತಿ ಆಗಿರಬೇಕು ಅಂದ್ಕೊಂಡಿದ್ದೆ.”

ಮರುದಿನ ಆರೂವರೆಗೇ ಅವಳು ಅಪ್ಪನ ಉಸಿರಿನ ಕೊಳವೆಯನ್ನು ಯಂತ್ರದಿಂದ ಸಿಲಿಂಡರಿಗೆ ಬದಲಿಸಿದಳು. ಯಂತ್ರ ಸುಮ್ಮನೆ ನಡೆಯುತ್ತಿರಲಿ, ಕರೆಂಟು ಕುಗ್ಗಿದರೆ ಕೂಗಿ ಹೇಳಲಿ ಎಂದು ಅದನ್ನು ಆರಿಸದೆ ಬಿಟ್ಟಳು. ಏಳಕ್ಕೆ ಹತ್ತು ನಿಮಿಷವಿರುವಾಗ ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಮೀಟರ್ ಹಿಡಿದು ನಿಂತಳು. ಕರೆಯದಿದ್ದರೂ ಕಂಬದಣ್ಣ ಬಂದಿದ್ದರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲಿ ಕೆಲಸವಿಲ್ಲದವರಂತೆ.

ಏಳಾಯಿತು. 188.2. ಯಾರೂ ಮೊದಲಿಗರಾಗಲು ಒಪ್ಪದಂತೆ ಒಂದು ನಿಮಿಷ ಅಂಕಿ ಅಲ್ಲೇ ನಿಂತಿತು. ಆಮೇಲೆ ಕಿಡಿಮಾವನ ಅಂಗಡಿಯಲ್ಲಿ ನೀಲಿ ಬೆಳಕು ಚಿಮ್ಮಿತು. 219.7. ಇಸ್ತ್ರಿ ಅಂಗಡಿ, ಪಂಪು. 268.0. ಗಿರಣಿಯ ಬೆಲ್ಟು ಎರಡು ಸಲ ಜಾರಿ, ಹಿಡಿದು, ಮೊರೆಯಿತು. 321.5. ಬೀದಿಗಳಿಗೆ ಒಮ್ಮೆಗೇ ಜೀವ ಬಂದಂತಾಯಿತು. ಬಾಗಿಲುಗಳಲ್ಲಿ ನಿಂತ ಜನ ತಮ್ಮದೇ ಬೀದಿಯನ್ನು ನೆಂಟರ ಮನೆಯಂತೆ ನೋಡುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಎಲ್ಲವೂ ಒಟ್ಟಿಗೆ ನಡೆಯುತ್ತಿತ್ತು.

ಐಸ್ ಫ್ಯಾಕ್ಟರಿ ಸೇರಿಕೊಂಡಿತು. 361.4.

ಕಂಬದಣ್ಣ ಬೇಲಿಯಾಚೆಯಿಂದಲೇ ಟ್ರಾನ್ಸ್‌ಫಾರ್ಮರಿನ ದನಿ ಆಲಿಸಿದರು. “ನರಳ್ತಾ ಇದೆ. ಬಸ್ಸು ಇನ್ನೂ ಒಂದೂ ಬಂದಿಲ್ಲ, ನೋಡಿ.”

ಬಲ್ಬುಗಳು ಕೆಂಪಗಾದವು. ಡಿಪೋದ ಗೋಡೆಯ ಕಡೆಯಿಂದ ಸಣ್ಣದೊಂದು ಕೂಗು ತೇಲಿ ಬಂತು. ಅವಳ ಮನೆಯ ಯಂತ್ರ. ಅಪ್ಪ ಉಸಿರಾಡುತ್ತಿರುವುದು ಸಿಲಿಂಡರಿನಿಂದ ಎಂದು ಅವಳಿಗೆ ಗೊತ್ತಿತ್ತು. ಅದು ಬೇರೆ ಯಾರಿಗೂ ಗೊತ್ತಿರಲಿಲ್ಲ. ಹೇಳಬೇಕೆಂದು ಅವಳಿಗೆ ತೋಚಿರಲಿಲ್ಲ.

ಅವಳು ಸಾಕು ಎಂದು ಹೇಳಲು ಸೈಕಲ್ಲಿನತ್ತ ತಿರುಗುವಷ್ಟರಲ್ಲಿ ಗಿರಣಿಯ ಮೊರೆತ ಅರ್ಧಕ್ಕೆ ಕಡಿಯಿತು. ನೀಲಿ ಬೆಳಕು ಆರಿತು. ಇಸ್ತ್ರಿ ಅಂಗಡಿಯವಳು ಬಾಗಿಲಿಗೆ ಬಂದು ಎದುರಿನವರಿಗೆ, “ಆರಿಸಿ, ಆರಿಸಿ, ಫಿಟ್ಟರ್ ಅಣ್ಣನ ಮಿಷನ್ನು ಕೂಗ್ತಿದೆ!” ಎಂದದ್ದು ಕೇಳಿಸಿತು. ಮನೆಮನೆಯ ಫ್ಯಾನುಗಳು ನಿಂತವು. 300. 240. 190. ಯಾರೂ ಗಂಟೆ ಹೊಡೆಯಲಿಲ್ಲ. ಮೀಟರಿನ ಅಂಕಿ ತಾನಾಗಿಯೇ ಹಳೆಯ ಮಟ್ಟಕ್ಕೆ ಬಂದು ನಿಂತಿತು, ಅವಳು ಮೂವತ್ತು ದಿನ ಅಳೆದು ಹೆಮ್ಮೆಪಟ್ಟ ಮಟ್ಟಕ್ಕೆ.

ಪರೀಕ್ಷೆ ನಡೆದದ್ದು ಒಟ್ಟು ಹನ್ನೊಂದು ನಿಮಿಷ. 361.4 ಎಂದು ಬರೆದುಕೊಳ್ಳುವಾಗ, ಬದುಕಿನಲ್ಲಿ ಮೊದಲ ಸಲ ಅವಳ ದಶಾಂಶದ ಚುಕ್ಕೆ ತಪ್ಪು ಜಾಗದಲ್ಲಿ ಬಿತ್ತು. ಹೊಡೆದುಹಾಕಿ ಮತ್ತೆ ಬರೆದಳು.

ಹೊಸ ವರದಿಯನ್ನು ಸಾಹೇಬರು ಎರಡು ಸಲ ಓದಿದರು. ‘ಹೆಚ್ಚುವರಿ ಹೊರೆಗೆ ಅವಕಾಶವಿಲ್ಲ. ಹಿಂದಿನ ವರದಿಯಲ್ಲಿ ಅವಕಾಶವೆಂದು ತೋರಿಸಿದ್ದು ನಿವಾಸಿಗಳು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿರುವ ಬಳಕೆ. ಅದನ್ನು ಗಮನಿಸದ ತಪ್ಪು ನನ್ನದು. ಎರಡನೆಯ ಟ್ರಾನ್ಸ್‌ಫಾರ್ಮರು ಅಗತ್ಯ.’

“ಎಂಟು ಬಸ್ಸಲ್ಲಿ ಒಂದಕ್ಕೂ ಜಾಗ ಇಲ್ಲ ಅಂತ ಮೇಲಕ್ಕೆ ಬರೀಲಾ? ಬಸ್ಸು ಬೇರೆ ಊರಿಗೆ ಹೋಗುತ್ತೆ, ಟ್ರಾನ್ಸ್‌ಫಾರ್ಮರಿನ ಕಡತ ಮಲಗುತ್ತೆ.”

“ಒಂದು ದಿನ ಕೊಡಿ ಸರ್. ಜಾಗ ಆ ಬೀದಿಯವರದು. ಅವರನ್ನೇ ಕೇಳ್ಕೊಂಡು ಬರ್ತೀನಿ.”

ಗಿರಣಿಯ ಅಂಗಳದಲ್ಲಿ ಹಿಟ್ಟಿನ ಚೀಲಗಳ ಮೇಲೆ ಕೂತು ಜನ ಕೇಳಿದರು. ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಎಂಟು ಬಸ್ಸಾದರೆ ಸರದಿಯನ್ನು ಯಾರೂ, ಒಂದು ದಿನವೂ ತಪ್ಪಿಸುವಂತಿಲ್ಲ. ಎರಡಾದರೆ ನೂರಹತ್ತು ಆಂಪಿಯರ್ ಉಳಿಯುತ್ತದೆ. ಒಬ್ಬಿಬ್ಬರು ತಪ್ಪಿಸಿದರೂ ತಡೆಯುತ್ತದೆ.

“ಎಂಟಾದ್ರೆ ನನಗೆ ಜ್ವರ ಬರೋ ಹಾಗೂ ಇಲ್ಲ ಅನ್ನು,” ಎಂದಳು ಗಿರಣಿಯಕ್ಕ.

“ಬಂದ್ರೂ ಐದು ಗಂಟೆಗೆ ಬರ್ಬೇಕು, ನಿನ್ನ ಸರದೀಲಿ,” ಎಂದ ಕಿಡಿಮಾವ. ಎಲ್ಲರೂ ನಕ್ಕರು. ನಗು ಇಳಿದ ಮೇಲೆ ಗಿರಣಿಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

“ಎರಡು ಬಸ್ಸಿಗೆ ಜಾಗ ಕೊಡ್ತೀವಮ್ಮ. ಆ ಹೊಗೆ ನಮಗೇನು ಅಮೃತವಾ? ಕೇಳಿದ್ರಿ, ಕೊಟ್ವಿ. ಆದರೆ ಇದು ಕೊಟ್ಟಿದ್ದು ಅಂತ ಬರೀರಿ. ಇತ್ತು ಅಂತ ಬರೀಬೇಡಿ.”

ಅವಳು ಹಾಗೆಯೇ ಬರೆದಳು. ಎರಡು ಬಸ್ಸುಗಳಿಗೆ ಒಪ್ಪಿಗೆ ಬಂತು. ಎರಡನೆಯ ಟ್ರಾನ್ಸ್‌ಫಾರ್ಮರಿನ ಕಡತ ಮೇಲಕ್ಕೆ ಹೋಯಿತು. ಅದರ ಉತ್ತರ ಇನ್ನೂ ಬಂದಿರಲಿಲ್ಲ. ಬೇಗ ಬಂದದ್ದು ಇನ್ನೊಂದು ಕಾಗದ: ಸಹಿ ಮಾಡಿದ ವರದಿಯಲ್ಲಿ ದೋಷವಿದ್ದ ಕಾರಣ ಅವಳ ನೌಕರಿ ಕಾಯಂ ಆಗುವುದನ್ನು ಒಂದು ವರ್ಷ ಮುಂದೂಡಲಾಗಿತ್ತು. ಅವಳು ಅದನ್ನು ಓದಿ ಮಡಚಿಟ್ಟಳು. ಅದರಲ್ಲಿದ್ದ ಸಂಗತಿ ಸರಿಯಾಗಿಯೇ ಇತ್ತು. ವಾರಕ್ಕೊಮ್ಮೆ ಸೈಕಲ್ ಸುತ್ತು ಅವಳ ಕೆಲಸವಾಯಿತು.

ಹೊಸ ಬಸ್ಸುಗಳು ಹೊರಡುವ ಮೊದಲ ದಿನ ಅವಳು ನಾಲ್ಕೂವರೆಗೇ ಎದ್ದು ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿದಳು. ಐದಕ್ಕೆ ಗಿರಣಿ ಶುರುವಾಯಿತು. ಗೋಡೆಯಾಚೆ ಎಂಜಿನ್ನುಗಳು ಒಂದೊಂದಾಗಿ ಕೆಮ್ಮಿ ಎದ್ದವು. ಅಪ್ಪ ಕಣ್ಣು ಮುಚ್ಚಿ ಬೆರಳು ಮಡಚತೊಡಗಿದರು. ಆರನೆಯ ಬೆರಳಿಗೆ ಬಂದು ನಿಂತರು. ಕಾದರು. ಯಂತ್ರ ಗೊರಗುಟ್ಟುತ್ತಿತ್ತು.

“ಆರೇ ಕೇಳಿಸ್ತು.”

“ಉಳಿದ ಎರಡೂ ಆಗಲೇ ಹೋದ್ವು, ಅಪ್ಪ.”

ಅವರು ಇನ್ನೂ ಮಡಚಬೇಕಾಗಿದ್ದ ಎರಡು ಬೆರಳುಗಳನ್ನು ನೋಡಿಕೊಂಡರು. ಆಮೇಲೆ ಕೆಮ್ಮಿದರು, ಬಹಳ ಹೊತ್ತು, ಎಂದಿಗಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಅವಳು ಬೆನ್ನು ಸವರಿದಳು. ಉಸಿರು ಹಿಡಿತಕ್ಕೆ ಬಂದ ಮೇಲೆ ಅವರು ಮಡಚದ ಆ ಎರಡು ಬೆರಳುಗಳನ್ನು ಅವಳ ಅಂಗೈಯಲ್ಲಿಟ್ಟು, ಗಿರಣಿಯ ಸದ್ದಿನ ಕಡೆಗೆ ಕಿವಿ ತಿರುಗಿಸಿದರು.

“ಬೆಲ್ಟು ಜಾರ್ತಾ ಇದೆ,” ಎಂದರು. “ಸಂಜೆ ಬಂದು ಹೋಗೋದಕ್ಕೆ ಹೇಳು ಅವಳಿಗೆ. ಹೇಗೆ ಬಿಗೀಬೇಕು ಅಂತ ಹೇಳಿಕೊಡ್ತೀನಿ.”